ಉಕ್ಕಿನ ನಾಡಿನ ಯುವಜನರೇ, ಬೆಂಕಿಯ ಲೆಕ್ಕ ಕೇಳಿ

ಸಂಡೂರಿನ ಕೆಂಪು ಧೂಳಿನಲ್ಲಿ ಆಡಿ ಬೆಳೆದವರೇ, ಭದ್ರಾವತಿಯ ಚಿಮಣಿಗಳನ್ನು ನೋಡುತ್ತ ಶಾಲೆಗೆ ನಡೆದವರೇ, ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐಗಳಲ್ಲಿ ಇಂದು ಕಲಿಯುತ್ತಿರುವ ಗೆಳೆಯ ಗೆಳತಿಯರೇ, ನಿಮ್ಮನ್ನೊಂದು ಮಾತು ಕೇಳಬೇಕು. ನಮ್ಮ ಸೇತುವೆ, ನಮ್ಮ ರೈಲುಹಳಿ, ನಮ್ಮ ಮನೆಯ ಕಂಬಿ ಎಲ್ಲವೂ ಉಕ್ಕು. ಆ ಉಕ್ಕು ಗಾಳಿಗೆ ಹೊರಿಸುವ ಹೊರೆ ಎಷ್ಟು ಗೊತ್ತೇ?

ಒಂದು ಟನ್ ಉಕ್ಕು ತಯಾರಾಗುವಾಗ ಭಾರತದಲ್ಲಿ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಗತ್ತಿನ ಸರಾಸರಿಗಿಂತ ಇದು ಹೆಚ್ಚು. ಉಕ್ಕಿನ ಉತ್ಪಾದನೆಯಲ್ಲಿ ಜಗತ್ತಿಗೇ ಎರಡನೆಯವರು ನಾವು. ಹೊಣೆ ಹೊರುವಲ್ಲಿ ಹಿಂದುಳಿಯಬಹುದೇ? ಕೂಡದು.

ಕಲ್ಲಿದ್ದಲನ್ನು ಕೋಕ್ ಆಗಿಸುವ ಒಲೆಯ ಬಾಗಿಲು ತೆರೆದಾಗ ಸುಮಾರು 1000 ಡಿಗ್ರಿ ಕಾದ ಕೋಕ್ ನಿಗಿನಿಗಿ ಕೆಂಡವಾಗಿ ಹೊರಬರುತ್ತದೆ. ಅದರ ಮೇಲೆ ನೀರು ಸುರಿದರೆ ಬಿಳಿ ಆವಿ ಭುಸ್ಸೆಂದು ಮೇಲೇಳುತ್ತದೆ. ಅಷ್ಟೂ ಶಾಖ ಗಾಳಿಪಾಲು. ಅದನ್ನೇ ಮುಚ್ಚಿದ ಕೋಣೆಯಲ್ಲಿ ಸಾರಜನಕ ಹಾಯಿಸಿ ತಣಿಸಿದರೆ, ಅದೇ ಶಾಖದಿಂದ ಹಬೆ, ಹಬೆಯಿಂದ ವಿದ್ಯುತ್! ಅದಿರನ್ನು ಕರಗಿಸುವ ಬ್ಲಾಸ್ಟ್ ಫರ್ನೇಸಿನ ನೆತ್ತಿಯಿಂದ ಒತ್ತಡದಲ್ಲಿ ನುಗ್ಗುವ ಅನಿಲವೂ ಟರ್ಬೈನ್ ತಿರುಗಿಸಬಲ್ಲದು. ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಕೋಕ್‌ನ ಹಂಗೇ ತಪ್ಪುತ್ತದೆ. ಇವೆಲ್ಲ ಗೊತ್ತಿರುವ ದಾರಿಗಳು. ನಡೆಯುವವರು ಬೇಕು.

ಇನ್ನೂ ದೊಡ್ಡ ದಾರಿಯೊಂದಿದೆ. ಅದಿರಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟಿರುವುದು ಆಮ್ಲಜನಕ. ಕೋಕ್‌ನ ಇಂಗಾಲ ಅದನ್ನು ಬಿಡಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಜಲಜನಕ ಬಿಡಿಸಿದರೆ ಬರಿಯ ನೀರಾವಿ. ಸ್ವೀಡನ್ನಿನ ಎಂಜಿನಿಯರುಗಳು 2021ರಲ್ಲೇ ಇದನ್ನು ಪ್ರಾಯೋಗಿಕ ಘಟಕದಲ್ಲಿ ಮಾಡಿ ತೋರಿಸಿದ್ದಾರೆ. ಆ ಜಲಜನಕ ಬಿಸಿಲು, ಗಾಳಿಯ ವಿದ್ಯುತ್ತಿನಿಂದ ಹುಟ್ಟಬೇಕು. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕು ಕಾರ್ಖಾನೆಗಳಲ್ಲೊಂದು ದುಡಿಯುತ್ತಿದೆ. ಬಿಸಿಲಿದೆ, ಗಾಳಿಯಿದೆ, ಅದಿರಿದೆ. ಇನ್ನೇನು ಬೇಕು? ನೀವು ಬೇಕು.

ಆಗದ ಮಾತು ಎನ್ನುವವರಿಗೆ ಭದ್ರಾವತಿಯನ್ನು ತೋರಿಸಿ. ಕಲ್ಲಿದ್ದಲೇ ಇಲ್ಲದ ಮೈಸೂರು ಸಂಸ್ಥಾನ 1923ರಲ್ಲಿ ಮಲೆನಾಡಿನ ಸೌದೆಯ ಇದ್ದಿಲಿನಿಂದ ಕಬ್ಬಿಣ ಹರಿಸಿತು. ವಿಶ್ವೇಶ್ವರಯ್ಯನವರು ಕಟ್ಟಿ ಬೆಳೆಸಿದ ಆ ಕಾರ್ಖಾನೆ ಸೌದೆಯ ಹೊಗೆಯನ್ನೂ ಬಿಡದೆ ಬಟ್ಟಿಯಿಳಿಸಿ ಡಾಂಬರು, ಮೆಥನಾಲ್ ತೆಗೆಯಿತು. ಆದರೆ ಕಾಡು ಅದಕ್ಕೆ ಬೆಲೆ ತೆತ್ತಿತು. ಆ ಛಲ ನಮ್ಮದಾಗಲಿ. ಆ ಬೆಲೆಯನ್ನು ನೆಲ ಮತ್ತೆ ತೆರದಿರಲಿ.

1 ಟನ್ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಸೂಸಿದರಷ್ಟೇ ಅದು ಹಸಿರು ಉಕ್ಕು ಎಂದು ಕೇಂದ್ರ ಸರ್ಕಾರ 2024ರ ಡಿಸೆಂಬರಿನಲ್ಲಿ ಗೆರೆ ಎಳೆದಿದೆ. 1.6ಕ್ಕಿಂತ ಕೆಳಗಿಳಿದರೆ 5 ನಕ್ಷತ್ರಗಳ ದರ್ಜೆ. 2070ಕ್ಕೆ ದೇಶ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ತಲುಪಬೇಕು. ಆ ದೂರವನ್ನು ಕ್ರಮಿಸುವವರು ಯಾರು? ಇಂದು 20ರ ಹರೆಯದಲ್ಲಿರುವ ನೀವೇ ಅಲ್ಲವೇ?

ಲೋಹಶಾಸ್ತ್ರ ಓದಿ. ಕುಲುಮೆಯ ಮುಂದೆ ನಿಂತು ಕಲಿಯಿರಿ. ಶಾಖ ಎಲ್ಲಿ ಸೋರುತ್ತಿದೆ ಎಂದು ಕೇಳಿ. ಉತ್ತರ ಸಿಗುವತನಕ ಕೇಳುತ್ತಲೇ ಇರಿ. ಈ ನೆಲ ನಮಗೆ ಅದಿರು ಕೊಟ್ಟಿದೆ. ನಾವು ಅದಕ್ಕೆ ಶುದ್ಧ ಗಾಳಿಯನ್ನು ಕೊಡೋಣ. ಬನ್ನಿ, ಕೆಲಸ ಕಾದಿದೆ!