ಓದುವ ಮಕ್ಕಳ ನಿದ್ದೆ
(ಕಾರ್ಮಿಕ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಿದ್ದೆಯ ವಿಷಯವನ್ನು ನಿಮಗೆ ಹೇಳಹೊರಡುವುದು ಧಾರ್ಷ್ಟ್ಯವೇ ಸರಿ. ರಾತ್ರಿ ಪಾಳಿಯಲ್ಲಿ ಬೆಳಗಿನ ಜಾವ ಕಣ್ಣು ಎಳೆಯುವುದೆಂದರೆ ಏನೆಂಬುದು ನಿಮಗೆ ಯಾವ ವೈದ್ಯನಿಗಿಂತಲೂ ಚೆನ್ನಾಗಿ ಗೊತ್ತು. ಮುಖಕ್ಕೆ ನೀರು ಹಾಕಿಕೊಂಡರೂ ಚಹಾ ಕುಡಿದರೂ ಆ ಜೊಂಪು ಕೇಳುವುದಿಲ್ಲ. ಆಗ ಮೇಸ್ತ್ರಿ ನಿಮ್ಮನ್ನು ಮೈಗಳ್ಳನೆಂದರೆ ಸಹಿಸುವಿರಾ?

ಅದೇ ಜೊಂಪು ಪಿ.ಯು.ಸಿ. ಓದುವ ಹುಡುಗಿಗೆ, ರಾತ್ರಿಯಿಡೀ ಮಲಗಿ ಎದ್ದ ಮೇಲೂ, ಹಾಡುಹಗಲೇ ದಿನವೂ ಬರುತ್ತದೆಂದು ಭಾವಿಸಿಕೊಳ್ಳಿ. ಫ್ರಾನ್ಸಿನ ವೈದ್ಯ ಗೆಲಿನೋ 1880ರಲ್ಲಿ ಈ ರೋಗಕ್ಕೆ ನಾರ್ಕೊಲೆಪ್ಸಿ ಎಂದು ಹೆಸರಿಟ್ಟ. ಕಾರಣದ ಎಳೆ ಸಿಕ್ಕಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು. ನಮ್ಮನ್ನು ಎಚ್ಚರವಾಗಿಡುವ ಒರೆಕ್ಸಿನ್ ಎಂಬ ದ್ರವ್ಯ ಮಿದುಳಿನಲ್ಲಿದೆಯೆಂದು 1998ರಲ್ಲಿ ಕಂಡುಹಿಡಿದರು. ಈ ರೋಗಿಗಳಲ್ಲಿ ಬಹುಮಂದಿಗೆ ಅದನ್ನು ತಯಾರಿಸುವ ಜೀವಕೋಶಗಳೇ ನಾಶವಾಗಿರುತ್ತವೆ. ರೋಗ ತಲೆದೋರುವುದು ಹೆಚ್ಚಾಗಿ ಹರೆಯದಲ್ಲಿ, ಎಂದರೆ ಸರಿಯಾಗಿ ಪ್ರವೇಶ ಪರೀಕ್ಷೆಗಳ ಹೊತ್ತಿಗೆ.

ಇದು ಅಪರೂಪದ ರೋಗ. ತೂಕಡಿಸುವ ಮಕ್ಕಳೆಲ್ಲ ರೋಗಿಗಳಲ್ಲ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಟ್ಯೂಷನ್ನೂ ಮೊಬೈಲೂ ಸೇರಿ ಅದನ್ನು ಕದ್ದರೆ ತೂಕಡಿಸದೆ ಇನ್ನೇನು? ಆದರೆ ಸಾಕಷ್ಟು ಮಲಗಿಯೂ ತಿಂಗಳುಗಟ್ಟಲೆ ನಿದ್ದೆ ತಡೆಯಲಾಗದಿದ್ದರೆ, ಜೋರಾಗಿ ನಕ್ಕಾಗ ಮೊಣಕಾಲು ಕುಸಿದರೆ, ನಿದ್ದೆ ಹತ್ತುವಾಗ ಎದೆಯ ಮೇಲೆ ಯಾರೋ ಕೂತಂತಾಗಿ ಕೈಕಾಲು ಆಡದಂತಾದರೆ, ತಾಯತ ಕಟ್ಟಿಸಬೇಡಿ. ನರರೋಗ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಪರೀಕ್ಷೆಗೆ ವ್ಯವಸ್ಥೆಯಿದೆ. ಒಂದು ರಾತ್ರಿ ತಲೆಗೆ ತಂತಿ ಅಂಟಿಸಿ ಮಲಗಿಸುತ್ತಾರೆ. ಮರುದಿನ ಎರಡೆರಡು ಗಂಟೆಗೊಮ್ಮೆ ನಾಲ್ಕೈದು ಸಲ ಮಲಗಿಸಿ, ಎಷ್ಟು ನಿಮಿಷದಲ್ಲಿ ನಿದ್ದೆ ಹತ್ತಿತು, ಎಂಥ ನಿದ್ದೆ ಎಂದು ನೋಡುತ್ತಾರೆ.

ರೋಗ ಪೂರ್ತಿ ಹೋಗುವುದಿಲ್ಲ, ಆದರೆ ಹದಕ್ಕೆ ಬರುತ್ತದೆ. ಇದಕ್ಕೆ ಮಾತ್ರೆಗಳುಂಟು, ವೈದ್ಯರ ಚೀಟಿಯಿಲ್ಲದೆ ಅವನ್ನು ಮುಟ್ಟಕೂಡದು. ‘ಎಚ್ಚರದ ಮಾತ್ರೆ’ ಎಂದು ಆರೋಗ್ಯವಂತ ಮಕ್ಕಳಿಗೂ ಕೊಡಿಸುವವರಿದ್ದಾರೆ, ಅದು ಅನ್ಯಾಯ. ಮಾತ್ರೆಯಷ್ಟೇ ಮುಖ್ಯವಾದದ್ದು ಗೊತ್ತಾದ ಹೊತ್ತಿನ ಕಿರುನಿದ್ದೆ, ಹದಿನೈದು ಇಪ್ಪತ್ತು ನಿಮಿಷ. ಮಲಗಿ ಎದ್ದು ಓದಿದ ಒಂದು ಗಂಟೆ, ತೂಕಡಿಸುತ್ತ ಓದಿದ ನಾಲ್ಕು ಗಂಟೆಗಿಂತ ಮೇಲು. ರಾತ್ರಿ ಮಲಗುವ ವೇಳೆ ಪರೀಕ್ಷೆಯ ತಿಂಗಳಲ್ಲೂ ಬದಲಾಗಬಾರದು. ನೀಟ್ ಪರೀಕ್ಷೆ ಶುರುವಾಗುವುದು ಮಧ್ಯಾಹ್ನ 2 ಗಂಟೆಗೆ, ಉಂಡವರಿಗೆಲ್ಲ ಕಣ್ಣು ಕೂರುವ ಹೊತ್ತು. ಅಂದು ಊಟ ಹಗುರವಾಗಿರಲಿ, ಒಳಗೆ ಬಿಡುವ ಮೊದಲು ಮಗು ಎಲ್ಲಾದರೂ ಕಾಲು ಗಂಟೆ ಮಲಗಲಿ. ಸ್ಕೂಟರು ತಾನೇ ಓಡಿಸಿಕೊಂಡು ಹೋಗುವುದು ಬೇಡ.

ಇನ್ನು ಹಕ್ಕಿನ ಮಾತು. ಬರೆಯುವಾಗ ಕೈ ಸೆಟೆದುಕೊಳ್ಳುವ ರೋಗವಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ತನಗೆ ಬರೆದುಕೊಡುವ ಸಹಾಯಕ ಬೇಕೆಂದು ಕೇಂದ್ರ ಲೋಕಸೇವಾ ಆಯೋಗವನ್ನು ಕೇಳಿದರು, ಆಯೋಗ ನಿರಾಕರಿಸಿತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ತಕ್ಕ ಅನುಕೂಲ ಪಡೆಯುವ ಹಕ್ಕಿಗೆ ಶೇಕಡಾ 40ರ ಗೆರೆಯಿಲ್ಲವೆಂದು ತೀರ್ಪಿತ್ತಿತು. ಅದು ನಿದ್ದೆಯ ರೋಗದ ಮೊಕದ್ದಮೆಯಲ್ಲ, ನಿಜ. ಆದರೂ ನಮ್ಮ ಮಕ್ಕಳು ಅದರ ಆಧಾರದ ಮೇಲೆ ಕೇಳಬಹುದು: ನಡುವೆ ವಿರಾಮ ಕೊಡಿ, ಹೆಚ್ಚಿನ ಸಮಯ ಕೊಡಿ, ಎದ್ದು ನಿಲ್ಲಲು ಬಿಡಿ ಎಂದು. ಕೇಳಿದ್ದೆಲ್ಲ ಸಿಕ್ಕೇಸಿಗುತ್ತದೆಂದು ನಾನು ಹೇಳಲಾರೆ. ಆದರೆ ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಕೇಳಿದರೆ ಏನೂ ಸಿಗದು. ಅರ್ಜಿ ತುಂಬುವಾಗಲೇ ವೈದ್ಯರ ಪ್ರಮಾಣಪತ್ರ ಲಗತ್ತಿಸಿ ಬರೆಯಬೇಕು, ಸ್ವೀಕೃತಿ ಪಡೆಯಬೇಕು, ನಕಲು ಇಟ್ಟುಕೊಳ್ಳಬೇಕು.

ಅಂಥ ಅರ್ಜಿ ಬರೆಯಬೇಕಾದವರು ಸಭೆ ಮುಗಿದ ಮೇಲೆ ಇಲ್ಲೇ ಉಳಿಯಿರಿ; ಕಾಗದ, ಪೆನ್ನು ತಂದಿದ್ದೇನೆ.