ಸಾವಿರದ ಒಂದನೇ ಸಲ

(ಜಮಖಂಡಿ ತಾಲ್ಲೂಕಿನ ಹುನ್ನೂರಿನಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ನಾನು ರಾಜಕೀಯ ಮಾತಾಡಲ್ಲ. ಅದನ್ನ ರಾತ್ರಿ ಒಂಬತ್ತಕ್ಕೆ ಟಿವಿಯಲ್ಲಿ ದಿನಾ ಕೇಳ್ತೀರಿ. ಇವತ್ತು ಮದ್ದಿನ ಬಗ್ಗೆ ಮಾತಾಡ್ತೀನಿ. ನಮ್ಮ ಭಾಷೆಯ ವಿಚಿತ್ರ ನೋಡ್ರಿ. ಕಾಯಿಲೆ ವಾಸಿ ಮಾಡೋದಕ್ಕೂ ಮದ್ದು ಅಂತೀವಿ, ಕೈ ಹಾರಿಸೋದಕ್ಕೂ ಮದ್ದು ಅಂತೀವಿ. ನಾನು ಹೇಳ್ತಿರೋದು ಎರಡನೇದು. ಕೋವಿಗೆ ಹಾಕೋ ಕರಿಮದ್ದು.

ಈ ವಿಷಯ ಈ ಸೀಮೆಯಲ್ಲೇ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಇದು ಹಲಗಲಿಯ ಸೀಮೆ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಿ ಅಂತ ಕಾನೂನು ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲ್ಲ ಅಂದರು. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಅಂದರೆ ಅನ್ನ, ಆಯುಧ ಅಂದರೆ ಮಾನ. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ದಂಡು ಬಂತು. ಊರಿಗೆ ಬೆಂಕಿ ಇಟ್ಟರು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಆ ಕತೆ ಲಾವಣಿಯಾಗಿ ಉಳಿಯಿತು, ಅದನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿದರು, ಹತ್ತನೇ ತರಗತಿಯ ಕನ್ನಡ ಪುಸ್ತಕಕ್ಕೂ ಬಂತು. ಇಲ್ಲಿರೋ ಎಷ್ಟೋ ಮಕ್ಕಳು ಅದನ್ನು ಓದಿದ್ದೀರಿ.

ಹಾಗಾಗಿ ಈ ಭಾಗದಲ್ಲಿ ಹಳೇ ಬಂದೂಕು ಅಂದರೆ ಬರೀ ಕಬ್ಬಿಣ, ಕಟ್ಟಿಗೆ ಅಲ್ಲ. ಅದು ಅಭಿಮಾನ. ಅಜ್ಜನ ಕಾಲದ್ದು ಗೋಡೆ ಮೇಲೆ ತೂಗಾಡ್ತಿದ್ದರೆ ಮೊಮ್ಮಗನಿಗೆ ಕೈ ತುರಿಸುತ್ತೆ. ಒಂದೇ ಒಂದು ಸಲ ಹೊಡೆದು ನೋಡೋಣ ಅನ್ನಿಸುತ್ತೆ. ಆ ಆಸೆಯನ್ನು ನಾನು ಹೀಯಾಳಿಸಲ್ಲ. ಪ್ರಪಂಚದ ತುಂಬಾ ಆ ಆಸೆ ಇರೋರಿದ್ದಾರೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಫ್ರೆಂಡ್‌ಶಿಪ್ ಅಂತ ಒಂದು ಸಣ್ಣ ಊರಿದೆ. ಬಾಯಿಂದ ಮದ್ದು ತುಂಬೋ ಹಳೇ ಕಾಲದ ಬಂದೂಕುಗಳ ಸ್ಪರ್ಧೆಗೆ ಅಲ್ಲಿ ಸಾವಿರಾರು ಹವ್ಯಾಸಿಗಳು ಸೇರ್ತಾರೆ. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡ್ತಾರೆ. ಮಲೆನಾಡಿನಲ್ಲಿ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಪಡೆದ ರೈತರ ಹತ್ತಿರ ಇವತ್ತಿಗೂ ಕೇಪಿನ ಕೋವಿ ಇದೆ. ಇವರಲ್ಲಿ ಯಾರೂ ಅಪರಾಧಿಗಳಲ್ಲ.

ಆದರೆ ಇವರೆಲ್ಲರಿಗೂ, ನಿಮಗೂ, ಕರಿಮದ್ದಿನ ಒಂದು ಗುಣ ಗೊತ್ತಿರಬೇಕು. ಅದಕ್ಕೆ ನಿಮ್ಮ ಅನುಭವ ಕಾಣಲ್ಲ.

2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ನಡೆದದ್ದು ಕೇಳಿ. ಅಂತರ್ಯುದ್ಧದ ಕಾಲದ ಫಿರಂಗಿ ಗುಂಡುಗಳನ್ನು ಸ್ವಚ್ಛ ಮಾಡಿ, ಒಳಗಿನ ಮದ್ದು ತೆಗೆದು ಕೊಡೋದರಲ್ಲಿ ಹೆಸರಾಗಿದ್ದ ಒಬ್ಬ ಹವ್ಯಾಸಿ. ಕಲಿಯೋ ಹುಡುಗ ಅಲ್ಲ. ಸಾವಿರಕ್ಕೂ ಹೆಚ್ಚು ಗುಂಡುಗಳನ್ನು ಕೈಯಾರೆ ನಿಷ್ಕ್ರಿಯ ಮಾಡಿದ್ದವನು. ಒಂದು ದಿನ ತನ್ನ ಮನೆ ಮುಂದೆಯೇ ಅಂಥದ್ದೇ ಒಂದು ಗುಂಡು ಸಿಡಿದು ಸತ್ತ. ಸುಮಾರು 140 ವರ್ಷ ಸುಮ್ಮನೆ ಬಿದ್ದಿದ್ದ ಗುಂಡು ಅದು. ಸಾವಿರ ಸಲ ಏನೂ ಆಗಲಿಲ್ಲ ಅನ್ನೋದು ಸಾವಿರದ ಒಂದನೇ ಸಲಕ್ಕೆ ಗ್ಯಾರಂಟಿ ಕಾರ್ಡ್ ಆಗಲ್ಲ.

ಯಾಕೆ ಹೀಗೆ? ಕರಿಮದ್ದು ಅಂದರೆ ಸುರುವುಪ್ಪು, ಇದ್ದಿಲು, ಗಂಧಕ. ಒಲೆಯ ಬೆಂಕಿ ಉರಿಯೋಕೆ ಗಾಳಿ ಬೇಕು. ಇದಕ್ಕೆ ಬೇಡ. ಬೇಕಾದ ಆಮ್ಲಜನಕ ಸುರುವುಪ್ಪಿನಲ್ಲೇ ಇದೆ. ಮುಚ್ಚಳ ಹಾಕಿದರೆ, ಗೋಣಿಚೀಲ ಮುಚ್ಚಿದರೆ ಆರುತ್ತೆ ಅಂದುಕೊಂಡರೆ ಕೆಟ್ಟಿರಿ. ಬಯಲಲ್ಲಿ ಚೂರು ಮದ್ದು ಭುಸ್ ಅಂತ ಉರಿದು ಹೋಗುತ್ತೆ. ಅದೇ ಮದ್ದು ಡಬ್ಬಿಯಲ್ಲಿದ್ದರೆ ಆ ಡಬ್ಬಿಯೇ ಬಾಂಬ್. ಅದಕ್ಕೆ ದೊಡ್ಡ ಬೆಂಕಿಯೂ ಬೇಡ, ಬೀಡಿಯ ಕಿಡಿ ಸಾಕು.

ಇನ್ನೊಂದು ವಿಷಯ. ನೂರು ವರ್ಷ ಆಯ್ತು, ಮದ್ದು ಸತ್ತಿರುತ್ತೆ ಅಂತಾರಲ್ಲ, ಅದು ಸುಳ್ಳು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಒಂದು ಹಳೇ ಫಿರಂಗಿ ಇತ್ತು. 1780ರಲ್ಲಿ ಮುಳುಗಿದ ಬ್ರಿಟಿಷ್ ಹಡಗಿನದ್ದು. ವರ್ಷಾನುಗಟ್ಟಲೆ ಜನರ ಕಣ್ಣೆದುರೇ ಇತ್ತು. 2013ರ ಜನವರಿಯಲ್ಲಿ ತುಕ್ಕು ತೆಗೆಯೋಕೆ ಹೋದವರು ಬಾಯಿ ತೆರೆದು ನೋಡಿದರೆ ಒಳಗೆ ಗುಂಡು ಇದೆ, ಮುಕ್ಕಾಲು ಕೆಜಿಗೂ ಹೆಚ್ಚು ಮದ್ದು ಇದೆ! ಪೊಲೀಸರ ಬಾಂಬ್ ದಳ ಬಂದು ತೆಗೆಯಿತು. ಈಗ ನಿಮ್ಮ ಗೋಡೆ ಮೇಲಿನ ಅಜ್ಜನ ಬಂದೂಕು ನೆನಪು ಮಾಡ್ಕೊಳ್ಳಿ. ಅಜ್ಜ ಕೊನೇ ಸಲ ಹಂದಿ ಕಾಯೋಕೆ ತುಂಬಿಟ್ಟು, ಹೊಡೆಯದೇ ನೇತು ಹಾಕಿದ್ದರೆ? ಈ ಬಂದೂಕಿನಲ್ಲಿ ತೋಟೆ ಇಲ್ಲ, ಹಿಂದಿನಿಂದ ಬಿಚ್ಚಿ ನೋಡೋಕೆ ಆಗಲ್ಲ. ಮಗು ಕುದುರೆ ಎಳೆದು ಆಟ ಆಡುತ್ತೆ. ಯಾರೋ ಅದನ್ನು ಹೊಳಪು ಮಾಡೋಕೆ, ಬೆಸುಗೆ ಹಾಕಿಸೋಕೆ ಗ್ಯಾಸ್ ಕಟರ್ ಹತ್ತಿರ ಒಯ್ತಾರೆ.

ತಿಳಿದವರು ಏನು ಮಾಡ್ತಾರೆ ಗೊತ್ತಾ? ಬಾಯಿ ಸುರಕ್ಷಿತ ದಿಕ್ಕಿಗೆ ಇಟ್ಟು, ಕೇಪು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಗಜ ಅಂತೀವಲ್ಲ ಆ ಕೋಲನ್ನು ನಳಿಕೆಗೆ ನಿಧಾನ ಇಳಿಸ್ತಾರೆ. ಬಾಯಿ ಹತ್ತಿರ ಗುರುತು ಮಾಡ್ತಾರೆ. ಆಮೇಲೆ ಅದೇ ಕೋಲನ್ನು ಹೊರಗಿಂದ ನಳಿಕೆಗೆ ಹಿಡಿದು ನೋಡ್ತಾರೆ. ಕೋಲಿನ ತುದಿ ಬೆಂಕಿ ಹೋಗೋ ತೂತಿನ ತನಕ ಬರದೆ ಮುಂಚೆಯೇ ನಿಂತರೆ ಒಳಗೆ ಏನೋ ಕೂತಿದೆ ಅಂತ ಅರ್ಥ. ಅಲ್ಲಿಗೆ ನಿಮ್ಮ ಕೆಲಸ ಮುಗೀತು. ಅದನ್ನು ಕೆದಕಿ ತೆಗೆಯೋದು ಲೈಸೆನ್ಸ್ ಇರೋ ಬಂದೂಕು ರಿಪೇರಿಯವರ ಕೆಲಸ, ಪೊಲೀಸರ ಕೆಲಸ.

ಇನ್ನು ಲೈಸೆನ್ಸ್ ಇಟ್ಟುಕೊಂಡು, ಕಾನೂನು ಪ್ರಕಾರವೇ ಹೊಡೆಯೋರು. ಅವರು ಎಲ್ಲಿ ಎಡವ್ತಾರೆ?

ಒಂದು, ಡಬ್ಬಿಯಿಂದ ನೇರ ನಳಿಕೆಗೆ ಮದ್ದು ಸುರಿಯೋದು. ಈಗಷ್ಟೇ ಹೊಡೆದ ನಳಿಕೆಯ ತಳದಲ್ಲಿ ಒಂದು ಕೆಂಡದ ಚೂರು ಉಳಿದಿರುತ್ತೆ. ಸುರಿದ ಮದ್ದು ಹತ್ತಿಕೊಳ್ಳುತ್ತೆ, ಉರಿ ಮೇಲೆ ಬಂದು ಕೈಯಲ್ಲಿರೋ ಇಡೀ ಡಬ್ಬಿಯನ್ನು ಹಿಡಿಯುತ್ತೆ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದಕ್ಕೇ ಒಂದೊಂದು ಹೊಡೆತಕ್ಕೆ ಬೇಕಾದಷ್ಟೇ ಮದ್ದನ್ನು ಸಣ್ಣ ಸಣ್ಣ ಕೊಳವೆಗಳಲ್ಲಿ ಮೊದಲೇ ಅಳೆದು ತರಬೇಕು ಅನ್ನೋ ನಿಯಮ ಇದೆ. ಹತ್ತಿಕೊಂಡರೂ ಒಂದು ಹೊಡೆತದ ಮದ್ದು. ಕೈ ಸುಡಬಹುದು, ಜೀವ ಉಳಿಯುತ್ತೆ.

ಎರಡು, ಮದ್ದು ಬದಲಾಗೋದು. ಈಗಿನ ತೋಟೆಗಳಲ್ಲಿ ಇರೋದು ಹೊಗೆ ಬಾರದ ಮದ್ದು. ನೋಡೋಕೆ ಅದೂ ಕಪ್ಪು ಕಾಳೇ. ತೋಟೆ ಒಡೆದು ಅದನ್ನು ಹಳೇ ಕೋವಿಗೆ ತುಂಬ್ತಾರೆ. ಅದರ ಒತ್ತಡವೇ ಬೇರೆ. ಕರಿಮದ್ದಿಗೆ ಅಂತ ಮಾಡಿದ ನಳಿಕೆ ಅದನ್ನು ತಡೆಯಲ್ಲ, ಹೋಳಾಗುತ್ತೆ. ಹೋಳಾಗೋದು ಎಲ್ಲಿ? ನಿಮ್ಮ ಎಡಗೈ ಹಿಡಿದಿರೋ ಜಾಗದಲ್ಲಿ, ನಿಮ್ಮ ಕಣ್ಣಿನ ಮುಂದೆ.

ಮೂರು, ಗುಂಡು ಪೂರ್ತಿ ಇಳಿಯದೇ ಇರೋದು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ಆ ಗುಂಡು ನಳಿಕೆಗೆ ಬಿರಡೆ ಇದ್ದಂತೆ. ಮಾತಾಡ್ತಾ ಮಾತಾಡ್ತಾ ಎರಡು ಸಲ ಮದ್ದು ತುಂಬಿದರೂ ಅಷ್ಟೇ ಅಪಾಯ. ಅದಕ್ಕೇ ಅನುಭವಿಗಳು ಗಜದ ಮೇಲೆ ಗೆರೆ ಹಾಕಿರ್ತಾರೆ. ತುಂಬಿದಾಗ ಗೆರೆ ನಳಿಕೆಯ ಬಾಯಿಗೆ ಸರಿಯಾಗಿ ಬರಬೇಕು. ಮೇಲೆ ನಿಂತರೆ ನಿಲ್ಲಿಸಬೇಕು.

ನಾಲ್ಕು, ಇದು ಬಹಳ ಮುಖ್ಯ. ಕುದುರೆ ಬಿತ್ತು, ಟಕ್ ಅಂತು, ಢಂ ಅನ್ನಲಿಲ್ಲ. ತಕ್ಷಣ ಮನುಷ್ಯ ಏನು ಮಾಡ್ತಾನೆ? ಬಂದೂಕು ತಿರುಗಿಸಿ ಬಾಯಿಗೆ ಕಣ್ಣಿಟ್ಟು ನೋಡ್ತಾನೆ! ಒಳಗೆ ಮದ್ದು ನಿಧಾನ ಹೊತ್ತಿಕೊಳ್ತಿರಬಹುದು. ಬಾಯಿ ಗುರಿಯ ಕಡೆಗೇ ಇರಲಿ. ಕಡಿಮೆ ಅಂದರೂ ಒಂದು ನಿಮಿಷ ಅಲುಗಾಡಬೇಡಿ. ನಮ್ಮ ಟಿವಿಯಲ್ಲಿ ಒಂದು ನಿಮಿಷದ ಬ್ರೇಕ್ ಬಂದರೆ ನೀವು ರಿಮೋಟ್ ಒತ್ತುತೀರಿ. ಇಲ್ಲಿ ಮಾತ್ರ ದಯವಿಟ್ಟು ಆ ಒಂದು ನಿಮಿಷ ಕಾಯಿರಿ.

ಕೇಪಿನ ಚೂರು ಕಣ್ಣಿಗೆ ಹಾರುತ್ತೆ, ಕನ್ನಡಕ ಬೇಕು. ಕಿವಿಗೂ ರಕ್ಷಣೆ ಬೇಕು. ವಿಜಯಪುರದಲ್ಲಿ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ? ತೋಪಿಗೆ ಬೆಂಕಿ ಕೊಟ್ಟವನು ಸದ್ದಿನಿಂದ ಕಿವಿ ಉಳಿಸಿಕೊಳ್ಳೋಕೆ ಪಕ್ಕದ ನೀರಿನ ತೊಟ್ಟಿಗೆ ಧುಮುಕ್ತಿದ್ದ ಅಂತ ಅಲ್ಲಿ ಕತೆ ಹೇಳ್ತಾರೆ. ಆದಿಲ್‌ಶಾಹಿ ಕಾಲದವರ ಬಗ್ಗೆಯೇ ಇಂಥ ಕತೆ ಇದೆ. ನಮಗೆ ಕಿವಿಗೆ ಹತ್ತಿ ಇಟ್ಟುಕೊಳ್ಳೋಕೂ ನಾಚಿಕೆ!

ಈಗ ಮನೆಯೊಳಗೆ ಬರೋಣ. ಹೊಡೆಯೋನು ಒಬ್ಬ. ಆದರೆ ಮದ್ದು ಇಟ್ಟ ಮನೆಯಲ್ಲಿ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ, ವಯಸ್ಸಾದ ತಾಯಿ ಇದ್ದಾಳೆ. ಅವರು ಯಾರೂ ಈ ಹವ್ಯಾಸಕ್ಕೆ ಸಹಿ ಹಾಕಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೇವಸ್ಥಾನದಲ್ಲಿ ಏನಾಯ್ತು? ತೆಯ್ಯಂ ನೋಡೋಕೆ ಜನ ಸೇರಿದ್ದರು. ಹಚ್ಚಿದ ಪಟಾಕಿಯ ಕಿಡಿ, ಅಲ್ಲೇ ಹತ್ತಿರ ಕೂಡಿಟ್ಟಿದ್ದ ಪಟಾಕಿಗೆ ತಾಗಿತು. ನೂರೈವತ್ತಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಜೀವ ಬಿಟ್ಟರು. 2023ರ ಅಕ್ಟೋಬರ್ 7, ಅತ್ತಿಬೆಲೆ. ಪಟಾಕಿ ಮಳಿಗೆಗೆ ಬೆಂಕಿ. ಅಲ್ಲಿ ದುಡಿಯೋಕೆ ಬಂದಿದ್ದ ಎಳೇ ಹುಡುಗರೂ ಸೇರಿ ಅವತ್ತೇ 14 ಸಾವು. 2024ರ ಜನವರಿ, ಬೆಳ್ತಂಗಡಿಯ ವೇಣೂರು. ಪಟಾಕಿ ತಯಾರಿಸೋ ಜಾಗದಲ್ಲಿ ಸ್ಫೋಟ, ಮೂವರ ಸಾವು. ಅಲ್ಲಿದ್ದವು ಪಟಾಕಿ, ನಿಮ್ಮ ಮನೆಯಲ್ಲಿ ಇರೋದು ಕೋವಿ ಮದ್ದು. ಕಿಡಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ವೃತ್ತಿಯಾಗಿ ಮಾಡೋರ ಕತೆಯೇ ಹೀಗಿದ್ದರೆ, ಯಾವುದೋ ವಿಡಿಯೋ ನೋಡಿ ಅಡುಗೆಮನೆಯಲ್ಲಿ ಮದ್ದು ಅರೆಯೋಕೆ ಹೋಗೋ ಹುಡುಗನ ಕತೆ ಏನು? ಬೆಂಕಿಕಡ್ಡಿಯ ತಲೆ ಕೆರೆದು ಕೂಡಿಡೋನ ಕತೆ ಏನು? ಲೈಸೆನ್ಸ್ ಇಲ್ಲದೆ ಸ್ಫೋಟಕ ತಯಾರಿಸೋದು 1884ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಪೊಲೀಸ್ ಬರೋದು ಆಮೇಲೆ. ಮೊದಲು ಬರೋದು ಆಂಬುಲೆನ್ಸ್.

ಹಾಗಾದರೆ ಮದ್ದನ್ನು ಸರಿಯಾಗಿ ಬಳಸೋಕೆ ಆಗೋದೇ ಇಲ್ವಾ? ಆಗುತ್ತೆ. ಮೈಸೂರು ದಸರಾ ನೋಡಿ. ಜಂಬೂಸವಾರಿಯ ದಿನ ರಾಷ್ಟ್ರಗೀತೆ ಮುಗಿಯೋ ಹೊತ್ತಿಗೆ 21 ಕುಶಾಲತೋಪು ಹಾರಿಸ್ತಾರೆ. ಅವೂ ಬಾಯಿಂದ ಮದ್ದು ತುಂಬೋ ಫಿರಂಗಿಗಳೇ. ನಗರ ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿ ಅದಕ್ಕೆ ಮೊದಲು ಮದ್ದೇ ಇಲ್ಲದೆ ಒಣ ತಾಲೀಮು ಮಾಡ್ತಾರೆ, ದಿನಗಟ್ಟಲೆ. ಒಬ್ಬೊಬ್ಬನಿಗೆ ಒಂದೊಂದೇ ಕೆಲಸ. ಒಂದು ಹೊಡೆತ ಆದ ಕೂಡಲೇ ಒದ್ದೆ ಕೋಲು ನಳಿಕೆಯೊಳಗೆ ಹೋಗಲೇಬೇಕು, ಕಿಡಿ ಆರಲೇಬೇಕು, ಆಮೇಲೇ ಮುಂದಿನ ಮದ್ದು. ಎಷ್ಟೇ ದಸರಾ ನೋಡಿದ ಹಿರಿಯ ಆಗಿರಲಿ, ಆ ಒದ್ದೆ ಕೋಲನ್ನು ಬಿಡೋ ಹಾಗಿಲ್ಲ. ನೀವು ಟಿವಿಯಲ್ಲಿ ನೋಡಿ ಚಪ್ಪಾಳೆ ಹೊಡೆಯೋದು ಸದ್ದಿಗೆ. ನಾನು ಚಪ್ಪಾಳೆ ಹೊಡೆಯೋದು ಆ ಒದ್ದೆ ಕೋಲಿಗೆ.

ಈಗ ನೇರವಾಗಿ ಕೇಳ್ತೀನಿ. ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಬಂದೂಕು ಹಾರಿಸಿದರೆ ಗಂಡಸುತನ ಅಂತ ಯಾರು ಹೇಳಿದರು? 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆಗಿದೆ. ಸಂಭ್ರಮಕ್ಕೆ ಅಂತ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಜ್ಜನ ಹೆಸರಲ್ಲಿದ್ದ ಲೈಸೆನ್ಸ್ ಮೊಮ್ಮಗನಿಗೆ ತಾನಾಗೇ ಬರಲ್ಲ. ಅಜ್ಜ ಹೋದ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಿ, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ವಾಪಸ್ ತಂದು ರೂಢಿ ಇರೋ ಊರುಗಳಿಗೆ ಇದು ಹೊಸದಲ್ಲ.

ಆಯುಧ ಒಪ್ಪಿಸಲ್ಲ ಅಂದವರು ಹಲಗಲಿಯವರು, ನೀವು ಒಪ್ಪಿಸಿ ಅಂತೀರಲ್ಲ ಅಂತ ಯಾರಾದರೂ ಕೇಳಬಹುದು. ಒಳ್ಳೇ ಪ್ರಶ್ನೆ. ಅವರು ಎದುರು ಹಾಕಿಕೊಂಡದ್ದು ಅವರ ಬದುಕನ್ನೇ ಕಿತ್ತುಕೊಳ್ಳೋಕೆ ಬಂದ ಪರಕೀಯ ಸರ್ಕಾರವನ್ನ. ಅವರು ಜೀವ ಕೊಟ್ಟದ್ದು ಊರಿಗಾಗಿ. ರೀಲ್ಸ್‌ಗೆ ಅಂತ ಅಜ್ಜನ ಬಂದೂಕು ಹಾರಿಸಿ ಪಕ್ಕದ ಮನೆಯ ಮಗುವಿನ ಕಣ್ಣು ತೆಗೆದರೆ ಅದಕ್ಕೆ ಯಾವ ಲಾವಣಿಕಾರನೂ ಹಾಡು ಕಟ್ಟಲ್ಲ.

ನಿಮ್ಮಲ್ಲಿ ನನ್ನದು ಒಂದೇ ಕೋರಿಕೆ. ಇವತ್ತು ಮನೆಗೆ ಹೋದ ಮೇಲೆ ಅಟ್ಟ, ಗೋಡೆ, ಹಗೇವು, ಹಳೇ ಪೆಟ್ಟಿಗೆ ಒಮ್ಮೆ ನೋಡಿ. ಹಳೇ ಬಂದೂಕು ಕಂಡರೆ ತುಂಬಿದೆ ಅಂತಲೇ ತಿಳಿಯಿರಿ. ಕಪ್ಪು ಪುಡಿಯ ಡಬ್ಬಿ ಕಂಡರೆ ಮುಟ್ಟಬೇಡಿ, ಒಲೆಗೆ ಸುರಿದು ಪರೀಕ್ಷೆ ಮಾಡಬೇಡಿ, ಮಕ್ಕಳನ್ನು ಆಚೆ ಕಳಿಸಿ ಠಾಣೆಗೆ ಫೋನ್ ಮಾಡಿ. ಪೊಲೀಸರಿಗೂ ಒಂದು ಮಾತು. ತಾನಾಗೇ ಬಂದು ಹೇಳಿದವನನ್ನು ಕಳ್ಳನ ಹಾಗೆ ಕಾಣಬೇಡಿ. ಹಾಗೆ ಕಂಡರೆ ಮುಂದಿನವನು ಹೇಳೋಕೆ ಬರಲ್ಲ, ಡಬ್ಬಿ ಅಟ್ಟದಲ್ಲೇ ಉಳಿಯುತ್ತೆ.