ಬಾಗಿಲ ಸಂದು

ಹಳೆಯ ಮೋಟಾರು ಕಾರನ್ನು ನೋಡಲು ಬಂದವರು ಸಾಮಾನ್ಯವಾಗಿ ಅದರ ಬಣ್ಣವನ್ನು ನೋಡುತ್ತಾರೆ. ಕಸಬು ಬಲ್ಲವರು ಸಂದನ್ನು ನೋಡುತ್ತಾರೆ. ಸಂದು ಎಂದರೆ ಒಂದು ಬಾಗಿಲಿಗೂ ಮತ್ತೊಂದು ಬಾಗಿಲಿಗೂ, ಬಾಗಿಲಿಗೂ ಮಡ್‌ಗಾರ್ಡಿಗೂ, ಮಡ್‌ಗಾರ್ಡಿಗೂ ಬಾನೆಟ್ಟಿಗೂ ನಡುವೆ ಬಿಟ್ಟಿರುವ ತೆಳುವಾದ ಎಡೆ. ಹಳೆಯ ಗಾಡಿಗಳಲ್ಲಿ ಅದು ನಾಲ್ಕೈದು ಮಿಲಿಮೀಟರು ಇರುವುದು ವಾಡಿಕೆ. ಮೇಲಿನಿಂದ ಕೆಳಗಿನ ತನಕ ಒಂದೇ ಅಗಲದಲ್ಲಿ ಇಳಿದುಬಂದಿದ್ದರೆ ಅದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಒಂದು ಕಡೆ ಎರಡು, ಇನ್ನೊಂದು ಕಡೆ ಎಂಟು ಮಿಲಿಮೀಟರು ಆಯಿತೆನ್ನಿ. ಏನು ಕೆಟ್ಟಿದೆಯೆಂದು ಹೇಳಲಾರದವರಿಗೂ ಗಾಡಿ ಸೊಟ್ಟಗಿದೆ ಎನಿಸಿಬಿಡುತ್ತದೆ.

ಮಕ್ಕಳಿಗೆ ವ್ಯಾಕರಣ ಕಲಿಸಿ ನಿವೃತ್ತನಾದ ನನಗೆ ಈ ವಿದ್ಯೆಯ ಪರಿಚಯ ಮಾಡಿಸಿದ್ದು ನಮ್ಮ ಅತ್ತಿಗೆಯವರ 1968ರ ಅಂಬಾಸಡರ್. ಆ ಗಾಡಿಯನ್ನು ಬಲ್ಲದವರು ಯಾರು? ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯಿಂದ ಹುಟ್ಟಿ, ಬಂಗಾಳದ ಉತ್ತರಪಾರದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರ ವರೆಗೆ ತಯಾರಾದದ್ದು. ಅಣ್ಣ ತೀರಿಕೊಂಡ ಮೇಲೆ ಮೈಸೂರಿನ ಮನೆಯ ಶೆಡ್ಡಿನಲ್ಲಿ ಅದು ಆರು ಮಳೆಗಾಲ ಕಳೆದಿತ್ತು. ಹೊರಗೆ ತೆಗೆದಾಗ ಎಂಜಿನು ಎರಡು ದಿನದ ಆರೈಕೆಗೇ ಓಗೊಟ್ಟಿತು. ಮಾತು ಕೇಳದೆ ಹೋದವು ಬಾಗಿಲುಗಳು. ಎಡಗಡೆಯ ಮುಂಬಾಗಿಲನ್ನು ಎತ್ತಿ ನೂಕಿದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಚಕ್ರ ಗುಂಡಿಗಿಳಿದೊಡನೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಅತ್ತಿಗೆಯವರ ಮೊಮ್ಮಗಳು ಕೂರಬೇಕೆಂದು ಹಟ ಹಿಡಿಯುವುದು ಆ ಬಾಗಿಲ ಪಕ್ಕದಲ್ಲಿಯೇ. ಆದುದರಿಂದ ಇದು ಬರಿಯ ಅಂದಚಂದದ ಪ್ರಶ್ನೆಯಾಗಿ ಉಳಿಯಲಿಲ್ಲ.

ಮೊದಲು ತೋರಿಸಿದ ಗ್ಯಾರೇಜಿನವರು ಮೂರು ದಿನದ ಕೆಲಸವೆಂದರು. ಬಾಗಿಲು ತಗಲುವ ಕಡೆ ಅಂಚನ್ನು ಉಜ್ಜಿ ಸವೆಸುವುದು, ಸಂದು ಅಗಲವಾದ ಕಡೆ ಪುಟ್ಟಿ ತುಂಬುವುದು, ಮೇಲೆ ಬಣ್ಣ. ಕೇಳಲು ಹಿತವಾಗಿತ್ತು. ಆದರೆ ನಮ್ಮ ಹಳ್ಳಿಯ ಮನೆಯ ಬಾಗಿಲು ನನಗೆ ನೆನಪಿತ್ತು. ಮಳೆಗೆ ಮರ ಉಬ್ಬಿ ಹಿಡಿದುಕೊಂಡಿದ್ದರೆ ಬಡಗಿ ಬಂದು ಉಜ್ಜುಗೊರಡು ಹಿಡಿಯುವುದು ಸರಿ. ಗೋಡೆಯೇ ಕುಸಿದು ಚೌಕಟ್ಟು ಓರೆಯಾಗಿದ್ದರೆ?

ಎರಡನೆಯ ಸಲ ಹೋದದ್ದು ಎಪ್ಪತ್ತು ದಾಟಿದ ಒಬ್ಬ ಟಿಂಕರಿಂಗ್ ಮೇಸ್ತ್ರಿಯವರ ಬಳಿಗೆ. ಅವರು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನಾಲ್ಕು ಟಯರುಗಳಿಗೂ ಲೆಕ್ಕದ ಗಾಳಿ ಹಿಡಿಸಿದರು. ಜಾಕಿನ ಮೇಲೆ ನಿಂತ ಗಾಡಿಯ ಮೈ ಬಾಗುವುದರಿಂದ ಅಲ್ಲಿ ಅಳೆದ ಸಂದನ್ನು ನಂಬುವಂತಿಲ್ಲವಂತೆ. ಆಮೇಲೆ ಬಾಗಿಲನ್ನು ತೆರೆದು, ತುದಿಯನ್ನು ಹಿಡಿದು ಮೆಲ್ಲನೆ ಎತ್ತಿದರು. ಕೀಲಿನ ಪಿನ್ನು ಸವೆದಿದ್ದರೆ ಬಾಗಿಲು ಅಲ್ಲಿಯೇ ಅಲುಗುತ್ತದೆ. ಸ್ವಲ್ಪ ಅಲುಗಿತು, ಪಿನ್ನು ಬದಲಾಯಿಸಿದರು. ಆದರೂ ಬಾಗಿಲ ಹಿಂಬದಿಯ ಸಂದು ಮೇಲೆ ಇಕ್ಕಟ್ಟು, ಕೆಳಗೆ ಅಗಲ. ಒಂದು ಕಂಬಿಯಿಂದ ಬಾಗಿಲ ಕಂಡಿಯನ್ನು ಮೂಲೆಯಿಂದ ಮೂಲೆಗೆ ಅಳೆದು, ಬಲಗಡೆಯದಕ್ಕೆ ಹೋಲಿಸಿದರು.

“ಮೇಷ್ಟ್ರೇ, ಬಾಗಿಲಿನ ಗೊಡವೆಗೆ ಆಮೇಲೆ ಹೋಗೋಣ. ಮೊದಲು ಕೆಳಗೆ ಮಲಗಿ ನೋಡಿ” ಎಂದರು.

ಮಲಗಿ ನೋಡಿದೆ. ಬಾಗಿಲುಗಳ ಅಡಿಯಲ್ಲಿ ಹೊಸ್ತಿಲಿನಂತೆ ಉದ್ದಕ್ಕೆ ಹಾದುಹೋಗುವ ತಗಡಿನ ಪೆಟ್ಟಿಗೆಯೊಂದಿದೆ. ಮೇಸ್ತ್ರಿ ತಿರುಪುಳಿಯ ಮೊನೆಯನ್ನು ಒತ್ತಿದರೆ ಅದು ಹಪ್ಪಳಕ್ಕೆ ಇಳಿದಂತೆ ಒಳಗಿಳಿಯಿತು.

ಅಂಬಾಸಡರಿಗೆ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿಯಿಲ್ಲ. ತಗಡಿನ ಮೈಯೇ ಭಾರ ಹೊರಬೇಕು. ಅದರಲ್ಲಿಯೂ ಈ ಹೊಸ್ತಿಲೇ ತೊಲೆ. ನೀರು ಹರಿದುಹೋಗಲು ಬಿಟ್ಟ ತೂತುಗಳು ಮಣ್ಣಿನಿಂದ ಮುಚ್ಚಿ, ಒಳಗೆ ನಿಂತ ನೀರು ಹೊರಗಿನ ಬಣ್ಣಕ್ಕೆ ಗೊತ್ತಾಗದಂತೆ ತಗಡನ್ನು ತಿಂದಿರುತ್ತದೆ. ಮುಂದಿನ ಚಕ್ರ, ಹಿಂದಿನ ಚಕ್ರಗಳ ನಡುವೆ ಗಾಡಿಯ ಸೊಂಟ ಇಳಿಯುತ್ತದೆ. ಬಾಗಿಲ ಕಂಡಿ ಮೇಲೆ ಕಿರಿದಾಗಿ ಕೆಳಗೆ ಹಿಗ್ಗುತ್ತದೆ. ಸರಿಯಾಗಿದ್ದದ್ದು ಬಾಗಿಲು, ಸವೆಸಲು ಹೊರಟಿದ್ದದ್ದೂ ಅದನ್ನೇ. ಮೂರು ದಿನದ ಆ ರಿಪೇರಿ ಆಗಿದ್ದರೆ ಸಂದು ನೇರವಾಗಿ ಕಾಣುತ್ತಿತ್ತು, ಮಗು ಕೊಳೆತ ಹೊಸ್ತಿಲ ಮೇಲೆ ಕುಳಿತಿರುತ್ತಿತ್ತು. ಇದನ್ನು ಮೋಸವೆಂದು ಕರೆಯಲು ನನಗೆ ಸಂಕೋಚವಿಲ್ಲ.

ಅತ್ತಿಗೆಯವರು ಖರ್ಚು ಕೇಳಿ ಒಂದು ದಿನ ಮಾತನಾಡಲಿಲ್ಲ. ಮರುದಿನ, “ಮಾರಿದರೂ ಈ ಸ್ಥಿತಿಯಲ್ಲಿ ಯಾರಿಗೆ ಮಾರಲಿ? ಅವರ ಮನೆಯಲ್ಲೂ ಮಕ್ಕಳಿರುತ್ತಾರೆ” ಎಂದು ಒಪ್ಪಿಗೆ ಕೊಟ್ಟರು.

ಕೊಳೆತದ್ದನ್ನು ಕತ್ತರಿಸುವ ಮೊದಲು ಬಾಗಿಲ ಕಂಡಿಗಳಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ಬೆಸೆದರು. ಇಲ್ಲದಿದ್ದರೆ ಗಾಡಿ ಮಡಿಸಿಕೊಳ್ಳುತ್ತದೆ. ಅದಕ್ಕೂ ಮುಂಚೆ ಅಡಿಯಲ್ಲಿ ಹಲಗೆಯಿಟ್ಟು, ಜಾಕಿನಿಂದ ಕೂದಲೆಳೆಯಷ್ಟು ಎತ್ತುವುದು, ಅಳೆಯುವುದು, ಮತ್ತೆ ಎತ್ತುವುದು. ಹೊಸ ತಗಡು ಬೆಸೆಯುವಾಗಲೂ ನಡುನಡುವೆ ಬಾಗಿಲನ್ನು ತೂಗುಹಾಕಿ ನೋಡುತ್ತಿದ್ದರು. ಮೂರು ವಾರ ಹೀಗೆ ನಡೆಯಿತು.

ಬಾಗಿಲು ಕೂರಿಸುವುದಕ್ಕೂ ಒಂದು ಕ್ರಮವುಂಟು. ಮೊದಲು ಹಿಂಬಾಗಿಲು, ಏಕೆಂದರೆ ಅದರ ಹಿಂದಿರುವ ಮೈ ಸರಿಯುವಂಥದಲ್ಲ. ಅದಕ್ಕೆ ಹೊಂದುವಂತೆ ಮುಂಬಾಗಿಲು, ಮುಂಬಾಗಿಲಿಗೆ ಹೊಂದುವಂತೆ ಮಡ್‌ಗಾರ್ಡು, ಕಡೆಯಲ್ಲಿ ಬಾನೆಟ್ಟು. ಮುಂದಿನಿಂದ ಆರಂಭಿಸಿದರೆ ಎಲ್ಲ ವ್ಯತ್ಯಾಸವೂ ಹಿಂಬಾಗಿಲಿನ ತಲೆಗೆ ಬರುತ್ತದೆ. ರಬ್ಬರ್ ಬೀಡಿಂಗನ್ನು ಆಗ ಹಾಕಬಾರದು. ಹೊಸ ರಬ್ಬರು ದಪ್ಪವಿದ್ದು ಬಾಗಿಲನ್ನು ಹೊರದಬ್ಬಿ ಅಳತೆ ತಪ್ಪಿಸುತ್ತದೆ. ಕೆಳಗಿನ ಕೀಲಿಗೂ ಕಂಬಕ್ಕೂ ನಡುವೆ ಅರ್ಧ ಮಿಲಿಮೀಟರಿನ ತಗಡಿನ ಚೂರನ್ನಿಟ್ಟರೆ ಸಾಕು, ಬಾಗಿಲ ಹಿಂಬದಿ ಅದಕ್ಕಿಂತ ಹೆಚ್ಚಾಗಿ ಮೇಲೇಳುತ್ತದೆ. ಸಂದನ್ನು ಅಳೆಯಲು ಮೇಸ್ತ್ರಿಯವರು ಇಟ್ಟುಕೊಂಡಿದ್ದದ್ದು ಒಂದು ಪ್ಲೈವುಡ್ಡಿನ ತುಂಡು. ಎರಡು ತಗಡುಗಳ ಮಟ್ಟವನ್ನು ನೋಡಲು ಅದೂ ಇಲ್ಲ. ತೆಳುವಾದ ಬಟ್ಟೆಯನ್ನು ಬೆರಳಿಗೆ ಹೊದಿಸಿ, ಕಣ್ಣು ಮುಚ್ಚಿ ಸವರುತ್ತಿದ್ದರು. ಬರಿಗೈ ಚರ್ಮ ತಡೆದು ನಿಲ್ಲುತ್ತದೆ, ಬಟ್ಟೆ ಜಾರುತ್ತದೆ, ಏರುತಗ್ಗು ಬೆರಳಿಗೆ ತಿಳಿಯುತ್ತದೆ. ನನಗೂ ಸವರಲು ಕೊಟ್ಟರು. ಅವರು ತೋರಿಸಿದ ತಗ್ಗು ಹತ್ತನೆಯ ಸಲಕ್ಕೆ ನನಗೆ ಸಿಕ್ಕಿತು.

ಕೊನೆಗೆ ಉಳಿದದ್ದು ಬಾನೆಟ್ಟಿನ ಎಡಬದಿ. ಅಲ್ಲಿ ಸಂದು ಬಲಗಡೆಗಿಂತ ಒಂದೂವರೆ ಮಿಲಿಮೀಟರು ಹೆಚ್ಚು. ಈ ಗಾಡಿಗಳು ಕಾರ್ಖಾನೆಯಿಂದ ಬರುವಾಗಲೇ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಇದು ಹುಟ್ಟಿನಿಂದ ಬಂದದ್ದಿರಬಹುದು, ಬೇಕಾದರೆ ಅಂಚಿಗೆ ತಂತಿ ಬೆಸೆದು ಸರಿಮಾಡುತ್ತೇನೆ ಎಂದರು ಮೇಸ್ತ್ರಿ. ಅತ್ತಿಗೆಯವರು ಬಗ್ಗಿ ನೋಡಿ, ಅಲ್ಲಿ ಬೆರಳಾಡಿಸಿದರು.

“ಇದನ್ನು ಹೀಗೇ ಬಿಡಿ. ಭಾನುವಾರ ಅವರು ಗಾಡಿ ಒರೆಸುವಾಗ ಬಟ್ಟೆ ಸಿಕ್ಕಿಕೊಳ್ಳುತ್ತಿದ್ದದ್ದು ಇಲ್ಲಿಯೇ.”

ಮೇಸ್ತ್ರಿ ಪಾನಾ ತೆಗೆದುಕೊಂಡು ಬಾನೆಟ್ಟಿನ ಬೋಲ್ಟುಗಳನ್ನು ಬಿಗಿದರು.